ಸಾಲ ಸೆಟಲ್ ಮಾಡಿಕೊಳ್ಳುವ ಮುನ್ನ ಸಿಬಿಲ್ ವರದಿ ನೋಡಿ

‘2 ಲಕ್ಷ ಬಾಕಿ ಇದೆ ಅಲ್ವಾ? 1 ಲಕ್ಷದ 20 ಸಾವಿರ ಕಟ್ಟಿಬಿಡಿ, ಮುಗಿಸಿಬಿಡೋಣ.’ ಕಂತು ತಪ್ಪಿ ತಿಂಗಳುಗಟ್ಟಲೆ ನಿದ್ದೆ ಕೆಟ್ಟವರಿಗೆ ಬ್ಯಾಂಕಿನಿಂದ ಇಂಥ ಫೋನ್ ಬಂದರೆ ಹೋದ ಜೀವ ಬಂದಂತಾಗುತ್ತದೆ. ಆದರೆ ಸ್ವಲ್ಪ ತಡೆಯಿರಿ. ನೀವು ಸಾಲ ಹೇಗೆ ತೀರಿಸಿದಿರಿ ಎಂಬುದರ ದಾಖಲೆಯೇ ಸಿಬಿಲ್ ವರದಿ. ಹೀಗೆ ಮುಗಿಸಿದ ಸಾಲದ ಮುಂದೆ ಅದರಲ್ಲಿ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಕಟ್ಟಿಲ್ಲ, ಉಳಿದದ್ದನ್ನು ಬ್ಯಾಂಕ್ ಬಿಟ್ಟುಕೊಟ್ಟಿದೆ ಎಂದು ಅದರ ಅರ್ಥ. ವರದಿಯಲ್ಲಿ ನಿಮಗೆ ಕೊಡುವ ಅಂಕ, ಅಂದರೆ ಸ್ಕೋರ್, ಇಳಿಯುತ್ತದೆ. ನಾಳೆ ಮನೆ ಸಾಲ ಕೇಳಲು ಹೋದರೆ ಆ ಪದ ಅಡ್ಡ ಬರುತ್ತದೆ.

ಮೊದಲು ನಿಮ್ಮ ವರದಿ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಇದಕ್ಕೆಂದು ಯಾರಿಗೂ ಸುಮ್ನೆ ದುಡ್ಡು ಕೊಡಬೇಡಿ. ವರದಿಯಲ್ಲಿ ‘ಡಿಪಿಡಿ’ ಎಂಬ ಸಾಲು ನೋಡಿ. ಯಾವ ತಿಂಗಳು ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ ಅಲ್ಲಿರುತ್ತದೆ.

ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಅದಕ್ಕೂ ಮೊದಲೇ ಶಾಖೆಗೆ ಹೋಗಿ. ‘ಸರ್, ಅವಧಿ ಜಾಸ್ತಿ ಮಾಡಿ ಕಂತು ಕಡಿಮೆ ಮಾಡಿಕೊಡಿ’ ಎಂದು ಅರ್ಜಿ ಬರೆದುಕೊಡಿ. ಬ್ಯಾಂಕ್ ಒಪ್ಪಿದರೆ ವರದಿಯಲ್ಲಿ ‘ರೀಸ್ಟ್ರಕ್ಚರ್ಡ್’ ಎಂದು ಬರಬಹುದು. ಅದೂ ಕಪ್ಪು ಚುಕ್ಕೆಯೇ, ನಿಜ. ಬಡ್ಡಿಯೂ ಒಟ್ಟಾರೆ ಜಾಸ್ತಿಯಾಗುತ್ತದೆ. ಆದರೂ ಕೈಯಲ್ಲಿ ಸ್ವಲ್ಪವಾದರೂ ಆದಾಯವಿದ್ದರೆ ನಾನು ಹೇಳುವುದು ಇದೇ ದಾರಿ. ಸಾಲ ಪೂರ್ತಿ ತೀರುತ್ತದೆ, ಸರಿಯಾಗಿ ಕಟ್ಟಿದ ಪ್ರತಿ ಕಂತೂ ವರದಿಯಲ್ಲಿ ನಿಮ್ಮ ಪರವಾಗಿ ಸೇರುತ್ತದೆ.

ಕೆಲಸವೇ ಹೋಗಿದೆ, ಮನೆಯಲ್ಲಿ ಕಾಯಿಲೆ, ಬೇರೆ ದಾರಿಯೇ ಇಲ್ಲ ಎನ್ನುವವರು ಸೆಟಲ್ ಮಾಡಿಕೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಮೊದಲು ಪತ್ರ, ಆಮೇಲೆ ಹಣ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಸಾಲದ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟಬೇಕಾದ ದಿನಾಂಕ, ಕಟ್ಟಿದ ಮೇಲೆ ವರದಿಯಲ್ಲಿ ಏನೆಂದು ದಾಖಲಿಸುತ್ತಾರೆ ಎಂಬುದು, ಇಷ್ಟೂ ಇರಲಿ. ಹಣವನ್ನು ಸಾಲದ ಖಾತೆಗೇ ಕಟ್ಟಿ. ವಸೂಲಿಗೆ ಬಂದವರ ಕೈಗೆ ನಗದು ಕೊಡಬೇಡಿ. ಇನ್ನೊಂದು ವಿಷಯ: 2023ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕೃಷಿ ಸಾಲ ಬಿಟ್ಟು ಉಳಿದ ಸಾಲಗಳಲ್ಲಿ ಹೀಗೆ ರಾಜಿ ಮಾಡಿಕೊಂಡವರಿಗೆ ಹೊಸ ಸಾಲ ಕೊಡುವ ಮುನ್ನ ಕನಿಷ್ಠ 12 ತಿಂಗಳ ಅಂತರ ಇರಬೇಕು.

ಹಣ ಕಟ್ಟಿದ ಮೇಲೆ ಎನ್‌ಒಸಿ, ಅಂದರೆ ಇನ್ನು ಬಾಕಿ ಏನೂ ಇಲ್ಲ ಎಂಬ ಬ್ಯಾಂಕಿನ ಪತ್ರ, ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು ಮತ್ತೆ ವರದಿ ನೋಡಿ. ಬಾಕಿ ಇನ್ನೂ ಹಾಗೇ ತೋರಿಸುತ್ತಿದ್ದರೆ ಬ್ಯಾಂಕಿಗೂ ಸಿಬಿಲ್‌ಗೂ ದೂರು ಕೊಡಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಮುಂದೆ ಕೈಯಲ್ಲಿ ಕಾಸು ಓಡಾಡತೊಡಗಿದಾಗ, ಬಿಟ್ಟುಕೊಟ್ಟಿದ್ದ ಮೊತ್ತವನ್ನೂ ಕಟ್ಟುತ್ತೇನೆ, ‘ಕ್ಲೋಸ್ಡ್’ ಎಂದು ಬದಲಿಸಿ ಎಂದು ಬ್ಯಾಂಕನ್ನು ಕೇಳಬಹುದು.

ಈ ಸಾಲಕ್ಕೆ ಅಣ್ಣನೋ ಗೆಳೆಯನೋ ಜಾಮೀನು ಹಾಕಿದ್ದರೆ, ಸಹಿ ಮಾಡುವ ಮುನ್ನ ಅವರಿಗೂ ಒಂದು ಮಾತು ಹೇಳಿ. ಅದೇ ಸಾಲ ಅವರ ವರದಿಯಲ್ಲೂ ಇರುತ್ತದೆ.