ಫ್ಲೆಕ್ಸ್‌ಗೆ ದುಡ್ಡು ಸುರಿಯುವ ಮೊದಲು ಒಂದು ನೋಟ್‌ಬುಕ್ ತನ್ನಿ

ಬಳ್ಳಾರಿಯಲ್ಲಿ ನಮ್ಮ ಅತ್ತಿಗೆ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಮನೆ ಹಿಂದೆ ಶೆಡ್ಡು, ಕೆಲಸಕ್ಕೆ ನಾಲ್ಕು ಜನ ಹೆಣ್ಣುಮಕ್ಕಳು, ರೊಟ್ಟಿ ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಪುಡಿ. ಶುರು ಮಾಡಿದ ವರ್ಷ ಪ್ರಚಾರ ನಾನು ನೋಡ್ಕೊತೀನಿ ಅಂತ ಮುಂದೆ ನಿಂತು, ಎಂಟು ಸಾವಿರ ಖರ್ಚು ಮಾಡಿ ದೊಡ್ಡ ಫ್ಲೆಕ್ಸ್ ಹಾಕಿಸಿದೆ. ಅದರಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪಿತ್ತು. ಹದಿನೈದು ದಿನ ನಮಗೇ ಗೊತ್ತಾಗಲಿಲ್ಲ. ಪಾಪ ಯಾರಿಗೋ ದಿನಾ ರೊಟ್ಟಿ ಕೇಳಿ ಫೋನ್ ಹೋಗುತ್ತಿತ್ತೋ, ಒಂದೂ ಹೋಗಲಿಲ್ಲವೋ, ಇವತ್ತಿಗೂ ತಿಳಿದಿಲ್ಲ. ತೊಂದರೆ ಇರುವುದು ಅಲ್ಲೇ. ಫ್ಲೆಕ್ಸ್ ನೋಡಿ ಎಷ್ಟು ಜನ ಬಂದರು ಅಂತ ಲೆಕ್ಕ ಇಡೋದು ಹೇಗೆ? ಅಲ್ಲದೆ ಪ್ಲಾಸ್ಟಿಕ್ ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಸರ್ಕಲ್ಲಿಗೆ ನಾಲ್ಕು ನೇತಾಡುತ್ತಿರುವುದು ಬೇರೆ ಮಾತು.

ಸಣ್ಣ ವ್ಯಾಪಾರ ಇಟ್ಟುಕೊಂಡವರು ಏನು ಮಾಡಬಹುದು ಅನ್ನುವುದನ್ನು ನಾವು ಎಡವಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ನೋಟ್‌ಬುಕ್

ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿ. ಹೊಸ ಗಿರಾಕಿ ಬಂದರೆ, ಫೋನ್ ಮಾಡಿದರೆ, ಒಂದೇ ಪ್ರಶ್ನೆ: "ನಮ್ಮ ಬಗ್ಗೆ ನಿಮ್ಗ ಯಾರು ಹೇಳಿದ್ರು ಅಕ್ಕಾ?" ಉತ್ತರ ಬರೆದಿಡಿ. ಒಂದು ತಿಂಗಳು ಸಾಕು.

ನಮ್ಮ ನೋಟ್‌ಬುಕ್ಕಿನಲ್ಲಿ ಬಂದದ್ದು ನೋಡಿ ನನಗೇ ನಾಚಿಕೆಯಾಯಿತು. ಫ್ಲೆಕ್ಸ್ ಅಂತ ಹೇಳಿದವರು ಒಬ್ಬರೂ ಇಲ್ಲ. ಜಾಸ್ತಿ ಜನ ಹೇಳಿದ್ದು "ಮದುವೆ ಊಟದಾಗ ತಿಂದಿದ್ವಿ", "ನಮ್ಮ ತಂಗಿ ಮನೆಯಾಗ ತಿಂದಿದ್ವಿ" ಅಂತ. ಅಂದರೆ ರೊಟ್ಟಿಯೇ ಪ್ರಚಾರ ಮಾಡುತ್ತಿತ್ತು, ಆದರೆ ತಿಂದವರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ. ಮದುವೆಗೆ ಹೋಗುವ ರೊಟ್ಟಿ ಬಿದಿರಿನ ಪುಟ್ಟಿಯಲ್ಲಿ ಹೋಗುತ್ತಿತ್ತು, ಅದರ ಮೇಲೆ ಒಂದು ಅಕ್ಷರ ಇಲ್ಲ. ಆಮೇಲೆ ಪುಟ್ಟಿಗೊಂದು ದೊಡ್ಡ ಚೀಟಿ, ಚಟ್ನಿ ಪಾಕೀಟಿಗೊಂದು ಸ್ಟಿಕರ್ ಅಂಟಿಸಲು ಶುರು ಮಾಡಿದೆವು. ಹೆಸರು, ನಂಬರ್, ಅಷ್ಟೇ. ಪಾಕೀಟು ಕಟ್ಟಿ ಮಾರುವವರು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರನ್ನೂ ಹಾಕಲೇಬೇಕು, ಅದಿದ್ದರೆ ಅಂಗಡಿಯವರೂ ಮುಖ ಕೊಟ್ಟು ಮಾತಾಡುತ್ತಾರೆ. ನಂಬರನ್ನು ಮೂರು ಸಲ ಓದಿ, ಸಾಧ್ಯವಾದರೆ ಪ್ರಿಂಟಿಗೆ ಕೊಡುವ ಮೊದಲು ಆ ನಂಬರಿಗೆ ಒಂದು ಕಾಲ್ ಮಾಡಿ ನೋಡಿ!

ಗೂಗಲ್ ಮ್ಯಾಪಿನಲ್ಲಿ ನೀವಿದ್ದೀರಾ?

ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಹುಡುಕಿದವರಿಗೆ ಗೂಗಲ್ಲಿನಲ್ಲಿ ನಿಮ್ಮ ವ್ಯಾಪಾರದ ವಿವರ ತೋರಿಸುವ ಪುಟ, ಪುಕ್ಕಟೆ. ದುಡ್ಡು ಕೊಡಿ, ಮೊದಲನೇ ಸಾಲಿಗೆ ತರುತ್ತೇವೆ ಅಂತ ಫೋನ್ ಮಾಡುವವರನ್ನು ನಂಬಬೇಡಿ, ಆ ಜಾಗ ಮಾರಾಟಕ್ಕಿಲ್ಲ. ನಿಮ್ಮ ವ್ಯಾಪಾರ ನಿಜವಾಗಿ ಇದೆಯಾ ಅಂತ ನೋಡಲು ಗೂಗಲ್ ಸಾಮಾನ್ಯವಾಗಿ ವಿಡಿಯೊ ಕೇಳುತ್ತದೆ. ರಸ್ತೆ, ಬೋರ್ಡು, ಒಳಗಿನ ಕೆಲಸ ಎಲ್ಲ ಒಂದೇ ಓಟದಲ್ಲಿ ತೆಗೆಯಿರಿ. ಮನೆಯಲ್ಲೇ ಕೆಲಸ, ವಿಳಾಸ ಎಲ್ಲರಿಗೂ ಕಾಣೋದು ಬೇಡ ಅನ್ನುವವರು ವಿಳಾಸ ಮುಚ್ಚಿಟ್ಟು, ಯಾವ ಯಾವ ಕಡೆ ಮಾಲು ಕೊಡುತ್ತೀರಿ ಅಂತ ಮಾತ್ರ ತೋರಿಸಬಹುದು.

ನಮ್ಮೂರಿನವರಿಗೆ ಒಂದು ಸಣ್ಣ ವಿಷಯ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರ ಹೆಸರು ಬಳ್ಳಾರಿಯೇ. ಆದರೂ ಹೊರಗಿನವರು ಹುಡುಕುವಾಗ ಇನ್ನೂ ಹಳೇ ಸ್ಪೆಲ್ಲಿಂಗ್ ಹೊಡೆಯುತ್ತಾರೆ, ಹಾಗಾಗಿ ವಿವರ ಬರೆಯುವ ಜಾಗದಲ್ಲಿ ಎರಡೂ ಇರಲಿ. ಅಮಾವಾಸ್ಯೆಗೆ ಬಾಗಿಲು ಹಾಕುವವರಾದರೆ ಆ ರಜೆಯನ್ನೂ ಅಲ್ಲಿ ಹಾಕಿ. ಬಿಸಿಲಲ್ಲಿ ಬಂದು ಬೀಗ ನೋಡಿ ಹೋದವರು ಮತ್ತೆ ಬರುವುದು ಕಷ್ಟ.

ರಿವ್ಯೂ ಬರೆಯಿರಿ ಅಂತ ಕೇಳಲು ಸಂಕೋಚ ಬೇಡ, ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ ಗಲ್ಲಾ ಮುಂದೆ ಅಂಟಿಸಿ. ರಿವ್ಯೂ ಬರೆದರೆ ಒಂದು ಪಾಕೀಟು ಫ್ರೀ ಅನ್ನಬೇಡಿ, ಗೂಗಲ್ ನಿಯಮಕ್ಕೆ ಅದು ವಿರುದ್ಧ. ಬೈದು ಬರೆದವರಿಗೂ ಎರಡು ಸಾಲು ಉತ್ತರ ಕೊಡಿ. ಆ ಉತ್ತರ ಬೈದವರಿಗಿಂತ ಹೆಚ್ಚಾಗಿ, ಮುಂದೆ ಓದುವ ನೂರು ಜನರಿಗೆ.

ವಾಟ್ಸ್‌ಆ್ಯಪ್ ಬಿಸಿನೆಸ್

ವ್ಯಾಪಾರದವರಿಗೆಂದೇ ಇರುವ ವಾಟ್ಸ್ಆ್ಯಪ್ ಇದು, ಇದೂ ಪುಕ್ಕಟೆ. ಬೇರೆ ಸಿಮ್ ಹಾಕಿ, ಮನೆ ನಂಬರಿಗೆ ವ್ಯಾಪಾರ ಕಲಸಬೇಡಿ. ಕ್ಯಾಟಲಾಗಿನಲ್ಲಿ ಫೋಟೊ ಜೊತೆ ರೇಟು ಹಾಕಿ. "ರೇಟಿಗೆ ಮೆಸೇಜ್ ಮಾಡಿ" ಅಂತ ಯಾಕೆ ಹಾಕುತ್ತಾರೋ ನನಗಂತೂ ಅರ್ಥವಾಗಿಲ್ಲ, ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ.

ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಒಂದೇ ಸಲಕ್ಕೆ ಹಲವರಿಗೆ ಕಳಿಸುವ ಪಟ್ಟಿ) ಒಂದಕ್ಕೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ನಾವು ಇದನ್ನು ತಿಳಿಯದೆ ಮೂರು ತಿಂಗಳು ಗೋಡೆಗೆ ಮಾತಾಡಿದ್ದೆವು. ಈಗ ಪಾಕೀಟು ಕೈಗೆ ಕೊಡುವಾಗಲೇ ಅತ್ತಿಗೆ "ನಂಬರ್ ಸೇವ್ ಮಾಡ್ಕೊಳ್ರಿ, ಬಿಸಿ ರೊಟ್ಟಿ ಇದ್ದ ದಿನ ತಿಳಿಸ್ತೀನಿ" ಅನ್ನುತ್ತಾರೆ. ಸೇವ್ ಮಾಡಿಕೊಳ್ಳಲು ಗಿರಾಕಿಗೂ ಒಂದು ಕಾರಣ ಬೇಕಲ್ವಾ? ವಾರಕ್ಕೆ ಒಂದು ಮೆಸೇಜ್ ಸಾಕು. ಗುಡ್ ಮಾರ್ನಿಂಗ್ ಹೂವಿನ ಫೋಟೊ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಮಾಡಬೇಕು ಕೂಡ.

ಕ್ಯಾಮೆರಾ ಹಿಡಿಯುವುದು ಎಲ್ಲಿ

ಹಿನ್ನೆಲೆಗೆ ಸಿನಿಮಾ ಹಾಡು, ಮಿನುಗುವ ಅಕ್ಷರ, ಯಾವುದೂ ಬೇಡ. ನಮ್ಮಲ್ಲಿ ಅತಿ ಹೆಚ್ಚು ಓಡಿದ ವಿಡಿಯೊ ಇಪ್ಪತ್ತು ಸೆಕೆಂಡಿನದು. ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು, ಬಳೆ ಸದ್ದು, ರೊಟ್ಟಿ ತಿರುಗುತ್ತಾ ತಿರುಗುತ್ತಾ ಅಗಲವಾಗುವುದು, ಹಂಚಿನ ಮೇಲೆ ನೀರು ಸವರಿದಾಗ ಏಳುವ ಹಬೆ, ಕೊನೆಗೆ ಒಣಗಿದ ರೊಟ್ಟಿ ಮುರಿದಾಗ ಬರುವ 'ಪಟ್'. ಆ ಸದ್ದು ಕೇಳಿಯೇ ಬೆಂಗಳೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ.

ನಿಮ್ಮ ಕೆಲಸದಲ್ಲೂ ಇಂಥ ಜಾಗ ಒಂದು ಇರುತ್ತದೆ. ಕಿನ್ನಾಳದ ಗೊಂಬೆ ಮಾಡುವವರಾದರೆ ಗೊಂಬೆಗೆ ಕಣ್ಣು ಬರೆಯುವ ಗಳಿಗೆ. ನಮ್ಮೂರಿನ ಜೀನ್ಸ್ ಯೂನಿಟ್ಟಿನವರಾದರೆ ವಾಷಿಂಗ್‌ಗೆ ಮೊದಲಿನ ಪ್ಯಾಂಟು, ವಾಷಿಂಗ್ ಆದ ಮೇಲಿನ ಪ್ಯಾಂಟು, ಪಕ್ಕಪಕ್ಕ. ಗಂಗಾವತಿ ಕಡೆ ಅಕ್ಕಿ ಮಾರುವವರು ಮೂಟೆಯ ಫೋಟೊ ಬಿಟ್ಟು ಅನ್ನದ ಫೋಟೊ ಹಾಕಿ. ನಮ್ಮಲ್ಲಿ ಗಿರಾಕಿಗಳು ಕನ್ನಡ, ತೆಲುಗು, ಉರ್ದು ಮೂರೂ ಆಡುತ್ತಾರೆ, ಕೆಲಸದವರಲ್ಲಿ ಯಾರಿಗೆ ಯಾವುದು ಬರುತ್ತದೋ ಅದರಲ್ಲಿ ಮಾತಾಡಿಸಿ.

ದುಡ್ಡು ಕೊಟ್ಟು ಜಾಹೀರಾತು, ಕೊನೆಗೆ

ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ದಿನಕ್ಕೆ 150 ರೂಪಾಯಿಯಂತೆ ಐದು ದಿನ, ಒಟ್ಟು 750 ಹಾಕಿ ನೋಡಿ. ಎಲ್ಲಿ ತೋರಿಸಬೇಕು ಅನ್ನುವುದೇ ಮುಖ್ಯ. ಬಳ್ಳಾರಿಯಲ್ಲಿ ರೊಟ್ಟಿ ಜಾಹೀರಾತು ತೋರಿಸುವುದು ಹೊಳೆಯಲ್ಲಿ ನೀರು ಮಾರಿದಂತೆ. ರೊಟ್ಟಿ ನೆನಪಾಗುವುದು ಪಿಜಿಯಲ್ಲಿ ಕೂತವರಿಗೆ. ಹಾಗಾಗಿ ನಾವು ಬೆಂಗಳೂರಿಗೆ ಮಾತ್ರ ಹಾಕಿದೆವು, ಒತ್ತಿದರೆ ನೇರ ವಾಟ್ಸ್‌ಆ್ಯಪ್ ತೆರೆಯುವ ಹಾಗೆ. ಮಾಲು ಕಳಿಸಲು ಸರ್ಕಾರಿ ಬಸ್ಸಿನ 'ನಮ್ಮ ಕಾರ್ಗೋ' ಇದೆ. ಮೊದಲ ಪಾರ್ಸಲ್ ಪುಡಿಪುಡಿಯಾಗಿ ಮುಟ್ಟಿತು, ಈಗ ಬಟರ್ ಪೇಪರ್ ಸುತ್ತಿ ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತೇವೆ. ನ್ಯೂಸ್ ಪೇಪರಿಗೆ ಬರೆಯುವವನು ಇದನ್ನು ಬರೆಯಬಾರದು, ಆದರೂ ಹೇಳುತ್ತೇನೆ, ತಿನ್ನುವ ಪದಾರ್ಥವನ್ನು ನ್ಯೂಸ್ ಪೇಪರಿನಲ್ಲಿ ಕಟ್ಟಬೇಡಿ, ಮಸಿ ಹತ್ತುತ್ತದೆ.

ಯಾವಾಗ ಹಾಕಬೇಕು ಅನ್ನುವುದಕ್ಕೆ ಕ್ಯಾಲೆಂಡರ್ ನಮ್ಮದೇ ಇರಲಿ. ಎಳ್ಳಮಾವಾಸ್ಯೆ, ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಕೇಳುತ್ತಾರೆ, ಹದಿನೈದು ದಿನ ಮೊದಲೇ ಹೇಳಬೇಕು. ಬಟ್ಟೆ, ಪಾತ್ರೆ, ಬೈಕು ಮಾರುವವರಿಗೆ ತುಂಗಭದ್ರಾ ಕಾಲುವೆಯ ಭತ್ತ ಮಾರಿ ರೈತರ ಕೈಗೆ ದುಡ್ಡು ಬರುವ ತಿಂಗಳು ಬೇಕು, ಕಾಲುವೆಗೆ ನೀರು ಬಿಡದ ವರ್ಷ ಎಷ್ಟು ಜಾಹೀರಾತು ಹಾಕಿದರೂ ಅಷ್ಟೇ. ಕೊಪ್ಪಳದ ಗವಿಮಠದ ಜಾತ್ರೆಗೆ ಸ್ಟಾಲ್ ಹಾಕೋಣ ಅಂದಿದ್ದೆ. ಅತ್ತಿಗೆ ನಕ್ಕುಬಿಟ್ಟರು. ಅಲ್ಲಿ ದಾಸೋಹಕ್ಕೆ ಊರೂರಿನಿಂದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಬರುತ್ತದೆ, ಕೊಳ್ಳೋರು ಯಾರು? ಚಟ್ನಿ ಒಯ್ದೆವು, ಅದು ಹೋಯಿತು.

ಐದು ದಿನ ಮುಗಿದ ಮೇಲೆ ಎಷ್ಟು ಲೈಕ್ ಬಂತು ಅಂತ ನೋಡಬೇಡಿ, ನೋಟ್‌ಬುಕ್ ತೆಗೆಯಿರಿ. 750 ರೂಪಾಯಿಗೆ ನಮಗೆ ಸಿಕ್ಕಿದ್ದು ಹನ್ನೊಂದು ಮೆಸೇಜು, ನಾಲ್ಕು ಆರ್ಡರು. ಆ ನಾಲ್ವರಲ್ಲಿ ಇಬ್ಬರು ಮುಂದಿನ ತಿಂಗಳು ಮತ್ತೆ ತರಿಸಿದರು, ಅದಕ್ಕೇ ಎರಡನೇ ಸಲ ಹಾಕಿದೆವು. ಇಬ್ಬರೂ ತಿರುಗಿ ಬರದಿದ್ದರೆ ಜಾಹೀರಾತು ನಿಲ್ಲಿಸಿ, ಆ ದುಡ್ಡಿಗೆ ಇನ್ನೊಂದು ಕಟ್ಟು ಸ್ಟಿಕರ್ ಹೊಡೆಸುತ್ತಿದ್ದೆವು.