ಜೆಥ್ರೊ ಟಲ್‌ನ 'ಸ್ಟ್ಯಾಂಡ್ ಅಪ್': ಹಳೆಯ ಎಲ್‌ಪಿ ಆರಿಸುವುದು, ತೊಳೆಯುವುದು, ಕೇಳುವುದು

1969ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ, ರಾಕ್ ತಂಡ ಜೆಥ್ರೊ ಟಲ್‌ನ 'ಸ್ಟ್ಯಾಂಡ್ ಅಪ್' ಅಲ್ಲಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಬ್ಲೂಸ್ ಗಿಟಾರಿನ ಅಬ್ಬರ, ಜಾನಪದದ ಮ್ಯಾಂಡೊಲಿನ್, ಜಾಝ್ ಲಯದ ಕೊಳಲು ಒಂದರ ಪಕ್ಕ ಒಂದು ಬರುವ ಆಲ್ಬಮ್ ಇದು. ಹಳೆಯ ಪ್ರತಿ ಕೊಳ್ಳುವವರಿಗೆ ತೊಂದರೆಯೂ ಅಲ್ಲೇ ಶುರುವಾಗುತ್ತದೆ. ಗಟ್ಟಿ ಹಾಡಿನಲ್ಲಿ ಅಡಗಿಹೋಗುವ ಚಟಪಟ ಸದ್ದು ಮೆದು ಹಾಡಿನಲ್ಲಿ ಎದ್ದು ಕೇಳುತ್ತದೆ. ಹಾಗಾಗಿ ಪ್ರತಿಯ ಗುಣವನ್ನು ಮೆದು ಹಾಡುಗಳಿಂದಲೇ ಅಳೆಯಬೇಕು.

ಮೊದಲ ಬ್ರಿಟಿಷ್ ಮುದ್ರಣ ಐಲೆಂಡ್ ಕಂಪನಿಯದು. ಸಂಖ್ಯೆ ಐಎಲ್‌ಪಿಎಸ್ 9103, ಲೇಬಲ್ ಪೂರ್ತಿ ಗುಲಾಬಿ. ಅಂಚಷ್ಟೇ ಗುಲಾಬಿಯಾಗಿದ್ದು ನಡುವೆ ತಾಳೆಮರದ ಚಿತ್ರವಿದ್ದರೆ ಅದು ನಂತರದ ಮುದ್ರಣ. ಕ್ರಿಸಲಿಸ್ ಲೇಬಲ್ಲಿನದು ಇನ್ನೂ ಈಚಿನದು. ಅಮೆರಿಕದ ಪ್ರತಿ ರಿಪ್ರೈಸ್ ಕಂಪನಿಯದು, ಸಂಖ್ಯೆ ಆರ್‌ಎಸ್ 6360. ಲೇಬಲ್ಲನ್ನಷ್ಟೇ ನಂಬಬೇಡಿ. ಕೊನೆಯ ಹಾಡು ಮುಗಿದ ಮೇಲಿನ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆಯೂ ಅದೇ ಮುದ್ರಣದ್ದೇ ಎಂದು ನೋಡಿ. ಹೊಸದಾಗಿ ಅಚ್ಚಾದ ಪ್ರತಿ ಕೊಳ್ಳುವುದಾದರೆ ಅದು 1969ರ ಮೂಲ ಮಿಕ್ಸೋ (ವಾದ್ಯ, ಕಂಠಗಳ ಹದವಾದ ಬೆರಕೆ), ಸಂಗೀತಗಾರ ಸ್ಟೀವನ್ ವಿಲ್ಸನ್ ಈಚೆಗೆ ಹೊಸದಾಗಿ ಬೆರೆಸಿದ ರೀಮಿಕ್ಸೋ ಎಂದು ಮೊದಲೇ ವಿಚಾರಿಸಿ. ಎರಡರ ಧ್ವನಿ ಬೇರೆ ಬೇರೆ.

ಕವರು ಜೇಮ್ಸ್ ಗ್ರಾಶೋ ಅವರ ಮರದಚ್ಚಿನ ಚಿತ್ರ. ಬಿಚ್ಚಿದಾಗ ಒಳಗಿನಿಂದ ತಂಡದ ನಾಲ್ವರ ಕಾಗದದ ಗೊಂಬೆಗಳು ಎದ್ದು ನಿಲ್ಲಬೇಕು. ಬೆಲೆ ಬಹುಮಟ್ಟಿಗೆ ನಿಂತಿರುವುದೇ ಇದರ ಮೇಲೆ. ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ನಿಧಾನವಾಗಿ ಬಿಚ್ಚಿ. ತೇವಕ್ಕೆ ಕಾಗದ ಅಂಟಿಕೊಂಡಿದ್ದರೆ ಎಳೆಯಬೇಡಿ, ಮಡಿಕೆಯಲ್ಲೇ ಹರಿಯುತ್ತದೆ. ಹರಿದಿದ್ದರೆ ಹಿಂಬದಿಯಿಂದ ತೆಳು ಕಾಗದದ ಪಟ್ಟಿಯನ್ನು ಆಮ್ಲರಹಿತ ಬಿಳಿ ಗೋಂದಿನಲ್ಲಿ ಅಂಟಿಸಿ. ಸೆಲ್ಲೋಟೇಪ್ ಬೇಡವೇ ಬೇಡ. ಕೆಲವು ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಚಿತ್ರದೊಳಗೆ ಇಳಿಯುತ್ತದೆ.

ರೆಕಾರ್ಡನ್ನು ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಾಕುವ ಗೀರು ಅಡ್ಡಲಾಗಿದ್ದರೆ ಪ್ರತಿ ಸುತ್ತಿಗೂ, ಅಂದರೆ 1.8 ಸೆಕೆಂಡಿಗೊಮ್ಮೆ, 'ಟಕ್' ಎನ್ನುತ್ತದೆ. ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಹೆಚ್ಚಾಗಿ ಧೂಳಲ್ಲ, ಸವೆತ. ಸವೆದ ಗ್ರೂವನ್ನು, ಅಂದರೆ ಮುಳ್ಳು ಓಡುವ ಸುರುಳಿ ಗೆರೆಯನ್ನು, ಯಾವ ದ್ರಾವಣವೂ ಸರಿಮಾಡದು. ಕೊರಿಯರ್‌ನಲ್ಲಿ ತರಿಸುವಾಗ ಮಾರುವವರನ್ನು ಎರಡು ತುಣುಕು ಕೇಳಿ: ಮೊದಲ ಬದಿಯ ಕೊನೆಯ ಹಾಡು 'ಲುಕ್ ಇಂಟು ದ ಸನ್', ಎರಡನೆಯ ಬದಿಯ ನಾಲ್ಕನೆಯ ಹಾಡು 'ರೀಸನ್ಸ್ ಫಾರ್ ವೇಟಿಂಗ್', ತಲಾ ಅರ್ಧ ನಿಮಿಷ. ಇವೆರಡು ಶುಭ್ರವಾಗಿದ್ದರೆ ಉಳಿದವುಗಳ ಚಿಂತೆ ಕಡಿಮೆ.

ತೊಳೆಯಲು 750 ಮಿಲಿ ಡಿಸ್ಟಿಲ್ಡ್ ನೀರಿಗೆ 250 ಮಿಲಿ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಬಣ್ಣವೂ ಪರಿಮಳವೂ ಇಲ್ಲದ ಪಾತ್ರೆ ತೊಳೆಯುವ ದ್ರವ ಎರಡೇ ಹನಿ ಹಾಕಿ. ಈ ಮಿಶ್ರಣ ವಿನೈಲ್‌ಗೆ ಮಾತ್ರ. ಅರಗಿನ 78 ಆರ್‌ಪಿಎಂ ರೆಕಾರ್ಡನ್ನು ಆಲ್ಕೋಹಾಲ್ ಕರಗಿಸಿಬಿಡುತ್ತದೆ. ಮೃದು ಬ್ರಷ್ಷನ್ನು ಗ್ರೂವಿನ ಗುಂಟ ಸುತ್ತಲೂ ಓಡಿಸಿ, ಅಡ್ಡ ಉಜ್ಜಬೇಡಿ. ಲೇಬಲ್ಲಿಗೆ ನೀರು ತಾಕದಿರಲಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಿಸಿ. ಸೋಪು ಉಳಿದರೆ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ಬೋರ್‌ವೆಲ್ ನೀರು ಸಲ್ಲದು. ಅದು ಗಡಸಾಗಿದ್ದರೆ ಒಣಗುತ್ತಲೇ ಸುಣ್ಣ ಗ್ರೂವಿನಲ್ಲಿ ಕೂತು, ಮೊದಲಿದ್ದದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ.

ಇನ್ನು ಟರ್ನ್‌ಟೇಬಲ್. ರೆಕಾರ್ಡಿನ ಹೊರ ಅಂಚಿನಲ್ಲಿ ಗ್ರೂವು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸರಿದರೆ, ಒಳ ತುದಿಯಲ್ಲಿ ಸರಿಯುವುದು ಸುಮಾರು 21 ಸೆಂ.ಮೀ. ಮಾತ್ರ. ಅಷ್ಟೇ ಸಂಗೀತ ಇಕ್ಕಟ್ಟಿನಲ್ಲಿ ತುಂಬಿಕೊಂಡಿರುತ್ತದೆ. ಈ ಆಲ್ಬಮ್ಮಿನ ಎರಡನೆಯ ಬದಿ ಮುಗಿಯುವುದು 'ಫಾರ್ ಎ ಥೌಸಂಡ್ ಮದರ್ಸ್' ಎಂಬ ಬಿರುಸಿನ ಹಾಡಿನಲ್ಲಿ, ಅದೂ ಈ ಇಕ್ಕಟ್ಟಿನಲ್ಲೇ. ಕೊಳಲೂ ಸಿಂಬಲ್ಲೂ ಅಲ್ಲಿ ಕರಕರ ಎಂದರೆ ರೆಕಾರ್ಡನ್ನು ದೂರುವ ಮುನ್ನ ಕಾರ್ಟ್ರಿಜ್, ಅಂದರೆ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗ, ಪರೀಕ್ಷಿಸಿ. ಬೇರ್‌ವಾಲ್ಡ್ ಪ್ರೊಟ್ರಾಕ್ಟರ್ ಎಂಬ ಗೆರೆ ಹಾಕಿದ ಅಳತೆಪಟ್ಟಿಯಲ್ಲಿ ನಡುಗೂಟದಿಂದ 66 ಮತ್ತು 120.9 ಮಿ.ಮೀ. ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ಸಮಾನಾಂತರವಾಗಿ ಕೂರಬೇಕು. ಮುಳ್ಳು ರೆಕಾರ್ಡನ್ನು ಒತ್ತುವ ಭಾರವನ್ನು ತಯಾರಕರು ಹೇಳಿದಷ್ಟೇ ಇಡಿ. ಆರ್ಟೊಫೋನ್ 2ಎಂ ರೆಡ್ ಎಂಬ ಕಾರ್ಟ್ರಿಜ್‌ಗೆ 1.8 ಗ್ರಾಂ. ರೆಕಾರ್ಡ್ ಸವೆಯದಿರಲಿ ಎಂದು ಭಾರ ಕಡಿಮೆ ಮಾಡುವವರಿದ್ದಾರೆ. ಆಗ ಮುಳ್ಳು ಗ್ರೂವಿನ ಗೋಡೆಗೆ ಬಡಿದು ಹಾನಿ ಇನ್ನೂ ಹೆಚ್ಚುತ್ತದೆ.

ವಾಲ್ಯೂಮನ್ನು ಮೊದಲ ಹಾಡಿಗೆ ಹೊಂದಿಸಬೇಡಿ. 'ಎ ನ್ಯೂ ಡೇ ಯೆಸ್ಟರ್ಡೇ' ಭಾರವಾದ ಬ್ಲೂಸ್; ಅದಕ್ಕೆ ಸರಿಹೋದ ಮಟ್ಟದಲ್ಲಿ ಮೆದು ಹಾಡುಗಳು ಬಡವಾಗುತ್ತವೆ. 'ಲುಕ್ ಇಂಟು ದ ಸನ್' ಹಾಡಿನ ಗಿಟಾರು ಕೋಣೆಯಲ್ಲಿ ಯಾರೋ ಕೂತು ನುಡಿಸಿದಷ್ಟು ಕೇಳುವಂತೆ ಇಟ್ಟು, ಮತ್ತೆ ಮೊದಲಿನಿಂದ ಶುರುಮಾಡಿ. ಇಂಥ ಮೆದು ಹಾಡುಗಳಿಗೂ ಒಂದು ಹಿನ್ನೆಲೆಯಿದೆ. ಬ್ಲೂಸ್‌ನಲ್ಲೇ ಉಳಿಯಬಯಸಿದ ಗಿಟಾರ್ ವಾದಕ ಮಿಕ್ ಏಬ್ರಹಾಮ್ಸ್ 1968ರ ಕೊನೆಗೆ ತಂಡ ಬಿಟ್ಟರು, ಮಾರ್ಟಿನ್ ಬ್ಯಾರೆ ಬಂದರು. ತಂಡದ ಗಾಯಕ ಇಯಾನ್ ಆ್ಯಂಡರ್ಸನ್ ಅವರ ಕೊಳಲಿಗೂ ಜಾನಪದ ತಂತಿವಾದ್ಯಗಳಿಗೂ ಇಲ್ಲಿ ಇಷ್ಟು ಜಾಗ ಸಿಕ್ಕಿದ್ದು ಆ ಬದಲಾವಣೆಯಿಂದ. ಹಾಡಿಲ್ಲದ ವಾದ್ಯಕೃತಿ 'ಬುರೇ'ಯಲ್ಲಿ, ಜರ್ಮನ್ ಸಂಯೋಜಕ ಬಾಖ್ ಲ್ಯೂಟ್ ಎಂಬ ತಂತಿವಾದ್ಯದ ಹೆಸರಿನಲ್ಲಿ ಬರೆದ ಇ ಮೈನರ್ ಸೂಟಿನ ಧಾಟಿ ಜಾಝ್ ಲಯಕ್ಕೆ ತಿರುಗುವುದನ್ನು ಗ್ಲೆನ್ ಕಾರ್ನಿಕ್ ಅವರ ಬಾಸ್ ಗಿಟಾರ್ ಹಿಡಿದೇ ಹಿಂಬಾಲಿಸಿ. ಬಾಸ್ ಸ್ವರಗಳು ಒಂದಕ್ಕೊಂದು ಕಲಸಿಹೋದರೆ ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಸರಿಸಿ. 'ಫಾರ್ ಎ ಥೌಸಂಡ್ ಮದರ್ಸ್' ಕೊನೆಯಲ್ಲಿ ಮುಗಿದಂತೆ ನಿಂತು ಮತ್ತೆ ಶುರುವಾಗುತ್ತದೆ, ಟರ್ನ್‌ಟೇಬಲ್ಲಿನ ತೋಳೆತ್ತಲು ಅವಸರ ಬೇಡ.

ಎತ್ತಿಡುವಾಗ ಪಿವಿಸಿ ಚೀಲ ತೆಗೆದುಹಾಕಿ, ಅದು ವಿನೈಲಿನ ಮೇಲೆ ಮಸುಕು ಪೊರೆ ಬಿಡುತ್ತದೆ. ಆ್ಯಂಟಿಸ್ಟ್ಯಾಟಿಕ್ ಒಳಚೀಲ ಬಳಸಿ. ಕವರನ್ನು ನೆಟ್ಟಗೆ ನಿಲ್ಲಿಸಿ, ಆದರೆ ಸಾಲಿನಲ್ಲಿ ಒತ್ತಿ ತುರುಕಬೇಡಿ, ಒಳಗಿನ ಗೊಂಬೆಗಳ ಮಡಿಕೆ ಸೀಳುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಹೊರಗೋಡೆಗೆ ತಾಗಿದ ಕಪಾಟು ಬೇಡ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಟ್ಟು, ತಿಂಗಳಿಗೊಮ್ಮೆ ಕವರ್ ಬಿಚ್ಚಿ ಬೂಷ್ಟು ಹಿಡಿದಿದೆಯೇ ನೋಡಿ.