ಗುಡ್ಡದ ಬೆನ್ನ ಮೇಲೆ ಓಟ, ಸೈಕಲ್: ಮೊದಲು ಕಾಲು, ಆಮೇಲೆ ಚಕ್ರ

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿ ಕಡೆಗೆ ಹೋಗುವ ಗುಡ್ಡಸಾಲು ದೂರದಿಂದ ತುಂಬಾ ಸಲೀಸಾಗಿ ಕಾಣುತ್ತದೆ. ಹಸಿರು ಹುಲ್ಲು, ನೆತ್ತಿಯ ಮೇಲೊಂದು ಕಾಲುದಾರಿಯ ಗೆರೆ, ಅಷ್ಟೇ. ಹತ್ತಿರ ಹೋದರೆ ಹುಲ್ಲಿನಡಿ ಕಲ್ಲು, ಮಳೆನೀರು ಕೊರೆದ ಕೊರಕಲು, ಎರಡೂ ಕಡೆ ಇಳಿಜಾರು, ಮಡಿಲಲ್ಲಿ ಶೋಲಾ ಕಾಡಿನ (ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕುಳ್ಳಮರಗಳ ಕಾಡು) ಒದ್ದೆ ಬೇರುಗಳು. ಮುಳ್ಳಯ್ಯನಗಿರಿ 1,930 ಮೀಟರ್, ಬಾಬಾಬುಡನ್‌ಗಿರಿ 1,895 ಮೀಟರ್. ಎತ್ತರದಲ್ಲಿ ವ್ಯತ್ಯಾಸ ಬರೀ 35 ಮೀಟರ್. ನಡುವೆ ಎಷ್ಟು ಸಲ ಇಳಿದು ಹತ್ತಬೇಕು ಅನ್ನುವುದನ್ನು ಮಾತ್ರ ತೊಡೆಗಳೇ ಹೇಳಬೇಕು.

ಇಂಥ ದಾರಿಯಲ್ಲಿ ಓಡಲು ಅಥವಾ ಎಂಟಿಬಿ (ಗುಡ್ಡದ ದಾರಿಗೆಂದೇ ಮಾಡಿದ ಮೌಂಟನ್ ಬೈಕ್ ಸೈಕಲ್) ಓಡಿಸಲು ಕಲಿಯುವವರಿಗೆ ನಾನು ಹೇಳುವುದು ಒಂದೇ. ಸೈಕಲ್ ಓಡಿಸುವ ಆಸೆಯಿದ್ದರೂ ಮೊದಲ ಸಲ ಕಾಲಲ್ಲೇ ಹೋಗಿ. ಕಷ್ಟದ ಜಾಗವನ್ನು ದಾಟುವುದು ಆ ಜಾಗಕ್ಕೆ ಬಂದ ಮೇಲಲ್ಲ, ಅದಕ್ಕೂ ಹತ್ತು ಮಾರು ಮುಂಚೆ. ಕಾಲಲ್ಲಿ ನೋಡದೇ ಇದ್ದ ದಾರಿಯಲ್ಲಿ ಆ ಹತ್ತು ಮಾರು ನಿಮಗೆ ಸಿಗುವುದಿಲ್ಲ.

ಹೊರಡುವ ಮುಂಚೆ: ಅನುಮತಿ

ಇದು ಬೇಸರದ ಕೆಲಸ, ಆದರೂ ಮಾಡಲೇಬೇಕು. ರಾಜ್ಯದ ಹಲವು ಚಾರಣ ಹಾದಿಗಳಿಗೆ 2024ರಿಂದ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಚಾರಣದ ಟಿಕೆಟ್ ಇದ್ದ ಮಾತ್ರಕ್ಕೆ ಸೈಕಲ್ಲಿಗೂ ಒಪ್ಪಿಗೆ ಇದೆ ಅಂತಲ್ಲ. ಆಯಾ ವಲಯ ಅರಣ್ಯ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ. ಆಗುವುದಿಲ್ಲ ಅಂದರೆ ಅಲ್ಲಿ ಓಡಿ, ಸೈಕಲ್ಲನ್ನು ಬೇರೆ ಕಡೆ ತೆಗೆಯಿರಿ. ಕೆಳಗಿನ ಕಾಫಿ ತೋಟಗಳ ಜೀಪ್ ದಾರಿಗಳೂ ಕಮ್ಮಿಯೇನಲ್ಲ, ಮಾಲೀಕರನ್ನು ಕೇಳಿಕೊಂಡು ಹೋಗಬೇಕು ಅಷ್ಟೇ. ಕೊಯ್ಲಿನ ಸಮಯದಲ್ಲಿ ಮಾತ್ರ ಕೇಳಲೂ ಹೋಗಬೇಡಿ, ಅವರ ತಲೆಬಿಸಿಯೇ ಅವರಿಗೆ ಸಾಕಷ್ಟಿರುತ್ತದೆ.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಮೇಲೆ ಪಾಚಿ, ಕಾಲಿಗೆ ಉಂಬಳ, ಎದುರಿಗೆ ಮಂಜು. ಫೆಬ್ರುವರಿ ಕಳೆದರೆ ಹುಲ್ಲು ಒಣಗಿ ಬೆಂಕಿಯ ಭಯ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯದು.

ಮೊದಲ ಸುತ್ತು ಕಾಲಲ್ಲಿ

ಅಡಿಯಲ್ಲಿ 4–6 ಮಿಲಿಮೀಟರ್ ಹಲ್ಲಿರುವ ಟ್ರೇಲ್ ಶೂ ಹಾಕಿ. ರಸ್ತೆ ಓಟದ ಶೂ ಒಣ ಹುಲ್ಲಿನ ಮೇಲೂ ಜಾರುತ್ತದೆ. ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಉದ್ದ ಇಳಿಜಾರು ಮುಗಿಯುವ ಹೊತ್ತಿಗೆ ಹೆಬ್ಬೆರಳು ಕಪ್ಪಾಗಿರುತ್ತದೆ. ಗಂಟೆಗೆ ಹೆಚ್ಚುಕಮ್ಮಿ ಅರ್ಧ ಲೀಟರ್ ಲೆಕ್ಕದಲ್ಲಿ ನೀರು ಹೊತ್ತುಕೊಳ್ಳಿ. ನೆತ್ತಿಯ ಮೇಲೆ ಎಲ್ಲೋ ಸಿಗುತ್ತದೆ ಅಂತ ನಂಬಬೇಡಿ, ನೀರಿರುವುದು ಕೆಳಗಿನ ಶೋಲಾದಲ್ಲಿ.

ಏರಿನಲ್ಲಿ ಓಡಲೇಬೇಕು ಅಂತೇನಿಲ್ಲ. ತೊಡೆಯ ಮೇಲೆ ಕೈ ಊರಿ, ಚಿಕ್ಕ ಹೆಜ್ಜೆ ಹಾಕಿ ಬಿರಬಿರನೆ ನಡೆಯಿರಿ. ಚೆನ್ನಾಗಿ ಓಡುವವರೂ ಕಡಿದಾದ ಕಡೆ ಮಾಡುವುದು ಇದನ್ನೇ. ಇಳಿಯುವಾಗ ಹಿಂದಕ್ಕೆ ಬಾಗಿ ಹಿಮ್ಮಡಿ ಊರಬೇಡಿ, ಜಾರುವುದು ಆಗಲೇ. ಮೈ ಸ್ವಲ್ಪ ಮುಂದಕ್ಕಿರಲಿ, ಹೆಜ್ಜೆ ಚಿಕ್ಕದಾಗಿರಲಿ, ಕೈ ಅಗಲಕ್ಕೆ ಬಿಚ್ಚಿರಲಿ. ಕಣ್ಣು ಕಾಲ ಬೆರಳ ಮೇಲಲ್ಲ, ಎರಡು ಮೂರು ಮೀಟರ್ ಮುಂದೆ.

ಓಡುವಾಗಲೇ ಸೈಕಲ್ಲಿನ ಲೆಕ್ಕ ಹಾಕುತ್ತಾ ಹೋಗಿ. ಎಲ್ಲಿ ಬ್ರೇಕ್ ಹಿಡಿಯಬಹುದು? ಎಲ್ಲಿ ಹಿಡಿಯಲೇಬಾರದು? ಬಿದ್ದರೆ ಯಾವ ಕಡೆ ಬೀಳುತ್ತೇನೆ? ಮೂರನೆಯ ಪ್ರಶ್ನೆಗೆ ಉತ್ತರ ಸಿಗದ ಕಡೆ ಸೈಕಲ್ ಇಳಿದು ತಳ್ಳಿಕೊಂಡು ಹೋಗುವುದು ಅಂತ ಅಲ್ಲೇ ತೀರ್ಮಾನ ಮಾಡಿ. ಸೈಕಲ್ ಮೇಲೆ ಕೂತಾಗ ತೀರ್ಮಾನ ಮಾಡೋಣ ಅಂದರೆ ಆಗ ಹುರುಪು ಜಾಸ್ತಿ ಇರುತ್ತದೆ.

ಈಗ ಸೈಕಲ್

ಮನೆಯಲ್ಲೇ ಗಾಳಿ ನೋಡಿಕೊಳ್ಳಿ. ಪಂಪಿನವನು ತುಂಬಿಸುವ ಹಾಗೆ ಕಲ್ಲಿನಂತೆ ಗಟ್ಟಿ ಮಾಡಿದರೆ ಟಯರು ಪ್ರತಿ ಬೇರಿಗೂ ಪುಟಿಯುತ್ತದೆ. ಸುಮಾರು 70 ಕೆ.ಜಿ. ತೂಕದವರಿಗೆ, 2.3 ಇಂಚಿನ ಟ್ಯೂಬ್‌ಲೆಸ್ ಟಯರಿಗೆ ಮುಂದೆ 22–24, ಹಿಂದೆ 25–27 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ತೋರಿಸುವ ಗಾಳಿಯ ಒತ್ತಡದ ಅಳತೆ) ಸಾಕು. ಟ್ಯೂಬ್ ಇದ್ದರೆ ನಾಲ್ಕೈದು ಜಾಸ್ತಿ, ಇಲ್ಲದಿದ್ದರೆ ಚೂಪುಗಲ್ಲಿಗೆ ಬಡಿದು ಟ್ಯೂಬಿನಲ್ಲಿ ಎರಡು ತೂತು ಬೀಳುತ್ತವೆ. ಇಳಿಜಾರು ಶುರುವಾಗುವ ಮುಂಚೆ ಸೀಟು ಇಳಿಸಿ. ದುಬಾರಿ ಸೈಕಲ್ಲೇ ಬೇಕೆಂದಿಲ್ಲ, ಆದರೆ ಡಿಸ್ಕ್ ಬ್ರೇಕ್ ಇರಲಿ.

ಈಗ ಒಂದು ಜಾಗವನ್ನು ನಿಧಾನಕ್ಕೆ ನೋಡೋಣ. ಶೋಲಾದ ಒಳಗಿಂದ ದಾರಿ ಹುಲ್ಲುಗಾವಲಿಗೆ ಹೊರಬೀಳುತ್ತದೆ. ಬಾಯಿಯಲ್ಲಿ ಮೊಣಕಾಲುದ್ದದ ಕಲ್ಲಿನ ಮೆಟ್ಟಿಲು, ಅದಕ್ಕೂ ಸ್ವಲ್ಪ ಮುಂಚೆ ಅಡ್ಡಕ್ಕೆ ಒದ್ದೆ ಬೇರು. ಕತ್ತಲಿನಿಂದ ಬೆಳಕಿಗೆ ಬರುವ ಆ ಕ್ಷಣ ಕಣ್ಣಿಗೆ ಏನೂ ಕಾಣುವುದಿಲ್ಲ. ಕಪ್ಪು ಕನ್ನಡಕ ಹಾಕಿದ್ದರೆ ಕಾಡಿನೊಳಗೂ ಕಾಣುವುದಿಲ್ಲ, ಹಾಗಾಗಿ ಬಣ್ಣವಿಲ್ಲದ ಕನ್ನಡಕವೇ ವಾಸಿ. ಮರದ ಮರೆ ತಪ್ಪಿದ ಕೂಡಲೇ ಗಾಳಿಯೂ ಪಕ್ಕದಿಂದ ನೂಕುತ್ತದೆ. ಅಂದರೆ ಮೂರು ತಾಪತ್ರಯ ಒಂದೇ ಕಡೆ.

ಬ್ರೇಕಿನ ಕೆಲಸವೆಲ್ಲ ಬೇರಿಗೆ ಮುಂಚೆಯೇ, ಒಣ ಮಣ್ಣಿನ ಮೇಲೇ ಮುಗಿಯಬೇಕು. ಎರಡೂ ಬ್ರೇಕಿನ ಮೇಲೆ ಒಂದೊಂದೇ ಬೆರಳು. ವೇಗ ನಡಿಗೆಗಿಂತ ಸ್ವಲ್ಪ ಜಾಸ್ತಿಗೆ ಬಂದ ಮೇಲೆ ಬಿಡಿ. ಪೆಡಲ್ ಎರಡೂ ಸಮಕ್ಕಿರಲಿ, ಸೀಟಿನಿಂದ ಎದ್ದು ನಿಂತಿರಿ, ಹಿಮ್ಮಡಿ ಕೆಳಗೆ, ಮೊಣಕೈ ಹೊರಗೆ. ಬೇರನ್ನು ನೆಟ್ಟಗೆ ಅಡ್ಡದಾಟಿ, ಓರೆಯಾಗಿ ಹತ್ತಿದರೆ ಮುಂದಿನ ಚಕ್ರ ಬೇರಿನ ಉದ್ದಕ್ಕೂ ಜಾರಿಹೋಗುತ್ತದೆ. ಬೇರಿನ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಮೆಟ್ಟಿಲಿನ ಅಂಚಿಗೆ ಬಂದಾಗ ಸೊಂಟ ಹಿಂದಕ್ಕೆ ಹೋಗಲಿ, ಕೈ ನೀಳವಾಗಿ ಸೈಕಲ್ಲನ್ನು ಮುಂದಕ್ಕೆ ಬಿಡಿ. ತೀರಾ ಹಿಂದಕ್ಕೆ ಹೋಗಿ ನೇತಾಡಬೇಡಿ, ಮುಂದಿನ ಚಕ್ರದ ಮೇಲೆ ಭಾರವಿಲ್ಲದಿದ್ದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ. ಎರಡೂ ಚಕ್ರ ಕೆಳಗಿಳಿದ ಮೇಲೆ ಗಾಳಿ ಬರುವ ಕಡೆಗೆ ಚೂರು ವಾಲಿ.

ನೋಟ ಎಲ್ಲಿರಬೇಕು? ಓಡುವಾಗಿನದಕ್ಕಿಂತ ದೂರ, ಏಳೆಂಟು ಮೀಟರ್ ಆಚೆ. ಕಲ್ಲನ್ನೇ ನೋಡಿದರೆ ಸೈಕಲ್ ಆ ಕಲ್ಲಿಗೇ ಹೋಗುತ್ತದೆ. ದಾರಿಯ ಪಕ್ಕದ ಪ್ರಪಾತದ ವಿಷಯವೂ ಅಷ್ಟೇ.

ಈ ಒಂದು ಜಾಗವನ್ನು ತಳ್ಳಿಕೊಂಡು ವಾಪಸ್ ಹೋಗಿ ನಾಲ್ಕೈದು ಸಲ ಇಳಿಯಿರಿ. ಇಡೀ ಗುಡ್ಡಸಾಲನ್ನು ಒಂದೇ ಉಸಿರಿಗೆ ದಾಟುವುದಕ್ಕಿಂತ ಇದರಲ್ಲಿ ಕಲಿಯುವುದು ಜಾಸ್ತಿ. ಹಿಂದಿನ ಚಕ್ರ ಲಾಕ್ ಮಾಡಿ ಎಳೆದುಕೊಂಡು ಹೋಗುವ ಚಾಳಿ ಮಾತ್ರ ಬೇಡ. ಹುಲ್ಲಿನ ಬೇರು ಕಿತ್ತ ಆ ಗೆರೆಯಲ್ಲೇ ಮುಂದಿನ ಮಳೆಗೆ ನೀರು ಹರಿದು ಕೊರಕಲಾಗುತ್ತದೆ.

ದಾರಿಯಲ್ಲಿ ಸಿಗುವವರು

ನಡೆಯುವವರು ಎದುರಾದರೆ ಸೈಕಲ್ಲಿನವರೇ ನಿಲ್ಲಬೇಕು. ಬೆಲ್ ಇರಲಿ, ಸುಮ್ನೆ ಬೊಬ್ಬೆ ಹಾಕಬೇಡಿ. ಕಾಟಿ (ಕಾಡುಕೋಣ) ನಿಂತಿದ್ದರೆ ಬೆಲ್ಲೂ ಬೇಡ. ನಿಂತು, ನಿಧಾನಕ್ಕೆ ಹಿಂದೆ ಸರಿದು, ಅದು ಹೋಗುವವರೆಗೆ ಕಾಯಿರಿ. ಕಾಟಿಗೆ ಅವಸರವಿರುವುದಿಲ್ಲ, ನಿಮಗೂ ಬೇಡ. ಒಬ್ಬರೇ ಹೋಗಬೇಡಿ. ಮೊಬೈಲ್ ಸಿಗ್ನಲ್ ನಂಬಿಕೊಂಡು ಕೂರುವ ಹಾಗಿಲ್ಲ, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಕೆಳಗೆ ಯಾರಿಗಾದರೂ ಹೇಳಿಹೋಗಿ. ಮಂಜು ಕವಿದು ಹತ್ತು ಅಡಿ ಮುಂದೆ ಕಾಣದಾದರೆ ಸೈಕಲ್ ಇಳಿದು ಬಂದ ದಾರಿಯಲ್ಲೇ ಹಿಂದಿರುಗಿ.

ಮನೆಗೆ ಬಂದ ಮೇಲೆ

ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಬೆಂಗಳೂರಿನಿಂದ ಹೋಗುವವರಿಗೆ ಹೇಳಲೇಬೇಕು: ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಹುಳ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವುಗಳ ಕಡಿತದಿಂದಲೇ ಹರಡುವುದು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇ ವರೆಗೆ, ಅಂದರೆ ನಾವು ಓಡಲು ಹೋಗುವ ಡಿಸೆಂಬರ್, ಜನವರಿಯಲ್ಲೂ, ಇದರ ಕಾಟ ಜಾಸ್ತಿ. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ, ಉಣುಗನ್ನು ದೂರ ಇಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಉದ್ದ ಕಾಲುಚೀಲ ಹಾಕಿ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲಿನ ಹಿಂಬದಿ, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಸೈಕಲ್ಲಿನ ಕೆಸರನ್ನು, ಶೂ ಅಡಿಯ ಮಣ್ಣನ್ನು ಮುಂದಿನ ಗುಡ್ಡಕ್ಕೆ ಹೋಗುವ ಮುಂಚೆ ಚೆನ್ನಾಗಿ ತೊಳೆಯಿರಿ, ಕಳೆಗಿಡಗಳ ಬೀಜ ಅದರ ಜೊತೆಗೇ ಹೊಸ ಕಾಡಿಗೆ ಹೋಗುತ್ತದೆ. ಚೈನ್ ಒರೆಸಿ ಎಣ್ಣೆ ಬಿಡಿ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಗಬಾರದು.